ಸೇವ್ ಮಾಡಿಟ್ಟ ಟಿಪ್ಸ್‌ಗಳಿಂದ ವೆಬ್‌ಸೈಟ್ ಯಾಕೆ ಏಳುವುದಿಲ್ಲ?

ಪ್ರಶ್ನೆ: ನಾನು ಕಟಪಾಡಿಯವಳು, ಬಿಕಾಂ ಮಾಡಿದ್ದೇನೆ. ನಮ್ಮ ಅತ್ತೆ ಮತ್ತು ಪಕ್ಕದ ಮನೆಯವರು ಸೇರಿ ಹಲಸಿನ ಹಪ್ಪಳ, ಬಾಳಕ, ಮಾಂಬಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಆರ್ಡರ್ ಎಲ್ಲಾ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಒಂದು ವೆಬ್‌ಸೈಟ್ ನಾನೇ ಮಾಡೋಣ ಅಂತ ಶಾರ್ಟ್ಸ್, ರೀಲ್ಸ್ ನೋಡಲು ಶುರು ಮಾಡಿದೆ. ಸೇವ್ ಮಾಡಿಟ್ಟದ್ದೇ ಇನ್ನೂರರ ಮೇಲಾಗಿದೆ. ನೋಡುವಾಗ ಎಲ್ಲ ಅರ್ಥ ಆಗುತ್ತದೆ, ಲ್ಯಾಪ್‌ಟಾಪ್ ಮುಂದೆ ಕೂತರೆ ಏನೂ ಹೊಳೆಯುವುದಿಲ್ಲ. ಅದೂ ಅಲ್ಲದೆ ಕನ್ನಡ ಹಾಕಿದರೆ ಅಕ್ಷರ ಹಾಳಾಗಿ ಬರುತ್ತದೆ. ಮಂಗಳೂರಿನಲ್ಲಿ ಕೋರ್ಸ್‌ಗೆ ಸೇರಬೇಕಾ, ಇಲ್ಲಾ ಈ ವಿಡಿಯೋಗಳೇ ಸಾಕಾ?

ಉತ್ತರ: ಕೋರ್ಸ್ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಆ ಇನ್ನೂರು ವಿಡಿಯೋಗಳನ್ನು ನೋಡೋಣ.

ಸಣ್ಣ ವಿಡಿಯೋ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ, ಕೆಲಸಕ್ಕೂ ಬರುತ್ತದೆ. ಆದರೆ ಅವೆಲ್ಲ ಉತ್ತರಗಳು. ಯಾರಿಗೋ ಯಾವತ್ತೋ ಬಂದ ಒಂದು ತೊಂದರೆಗೆ ಅವರು ಕಂಡುಕೊಂಡ ಉತ್ತರ. ಆ ತೊಂದರೆ ನಿಮಗಿನ್ನೂ ಬಂದೇ ಇಲ್ಲ. ಹಾಗಾಗಿ ಉತ್ತರ ತಲೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಹಪ್ಪಳದ್ದೇ ತೆಗೆದುಕೊಳ್ಳಿ. ಹಪ್ಪಳದ ರೀಲ್ ಯಾವಾಗಲೂ ಉಂಡೆ ರೆಡಿಯಾದ ಮೇಲೆ ಶುರುವಾಗುತ್ತದೆ. ಒತ್ತಿದರು, ಚಾಪೆ ಮೇಲೆ ಹಾಕಿದರು, ಮುಗಿಯಿತು. ಕಾಯಿ ಎಷ್ಟು ಬೆಳೆದಿರಬೇಕು, ಸೊಳೆ ಎಷ್ಟು ಬೇಯಬೇಕು ಅನ್ನುವುದು ನಿಮ್ಮ ಅತ್ತೆಯ ಕೈಯಲ್ಲಿದೆ, ರೀಲ್‌ನಲ್ಲಿ ಇಲ್ಲ. ವೆಬ್‌ಸೈಟಿನ ಟಿಪ್ ಕೂಡ ಹಾಗೆಯೇ ಉಂಡೆಯಿಂದ ಮುಂದಿನದ್ದನ್ನು ಮಾತ್ರ ತೋರಿಸುತ್ತದೆ.

ಆದ್ದರಿಂದ ಇವತ್ತಿನಿಂದ ಸೇವ್ ಮಾಡುವುದನ್ನು ನಿಲ್ಲಿಸಿ. ಇದ್ದದ್ದನ್ನು ಅಳಿಸಬೇಕಾಗಿಲ್ಲ, ಸುಮ್ನೆ ಅಲ್ಲೇ ಬಿಡಿ. ಮೊದಲು ಒಂದು ಕೆಟ್ಟ ಪುಟ ಮಾಡಿ.

ಪುಟಕ್ಕೆ ಏನು ಹಾಕುವುದು ಅಂತ ಟೆಂಪ್ಲೇಟ್ ಹುಡುಕಬೇಡಿ. ನಿಮ್ಮ ವಾಟ್ಸ್‌ಆ್ಯಪ್ ತೆರೆದು, ಗಿರಾಕಿಗಳು ಕೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆಯಿರಿ. ‘ಹಪ್ಪಳ ನೂರಕ್ಕೆ ಎಷ್ಟು?’, ‘ಬೆಂಗಳೂರಿಗೆ ಕಳಿಸ್ತೀರಾ?’, ‘ಈ ವರ್ಷದ್ದಾ, ಹೋದ ವರ್ಷದ್ದಾ?’, ‘ಬಾಳಕ ಖಾರ ಜಾಸ್ತಿ ಉಂಟಾ?’, ‘ಗೂಗಲ್ ಪೇ ಆಗ್ತದಾ?’ ಜನ ಮತ್ತೆ ಮತ್ತೆ ಕೇಳುವ ಈ ಪ್ರಶ್ನೆಗಳಿಗೆ ಉತ್ತರ ಇದ್ದರೆ ನಿಮ್ಮ ವೆಬ್‌ಸೈಟಿನ ಮುಕ್ಕಾಲು ಕೆಲಸ ಮುಗಿಯಿತು. ಆಹಾರ ಮಾರುವವರಾದ್ದರಿಂದ ಎಫ್‌ಎಸ್‌ಎಸ್‌ಎಐ, ಅಂದರೆ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಮ್ಮ ನೋಂದಣಿಯ 14 ಅಂಕಿಯ ಸಂಖ್ಯೆಯನ್ನೂ ಪುಟದ ಕೆಳಗೆ ಹಾಕಿ. ನೋಂದಣಿ ಇನ್ನೂ ಆಗಿಲ್ಲ ಅಂತಾದರೆ ವೆಬ್‌ಸೈಟಿಗಿಂತ ಮೊದಲು ಅದು ಆಗಲಿ. ಇದನ್ನು ಯಾವ ‘60 ಸೆಕೆಂಡಿನಲ್ಲಿ ವೆಬ್‌ಸೈಟ್’ ವಿಡಿಯೋದವರೂ ನಿಮಗೆ ಹೇಳುವುದಿಲ್ಲ.

ಆಮೇಲೆ ನೋಟ್‌ಪ್ಯಾಡ್ ತೆರೆದು, ವೆಬ್‌ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಒಂದು ತಲೆಬರಹ, ಎರಡು ಪ್ಯಾರಾ, ಒಂದು ಫೋಟೋ, ದರದ ಒಂದು ಪಟ್ಟಿ, ವಾಟ್ಸ್‌ಆ್ಯಪ್‌ಗೆ ಹೋಗುವ ಒಂದು ಲಿಂಕ್ ಹಾಕಿ. ಇಷ್ಟಕ್ಕೆ ಬೇಕಾದ ಟ್ಯಾಗ್‌ಗಳು, ಅಂದರೆ ಆ ಭಾಷೆಯ ಗುರುತಿನ ಪದಗಳು, ಹತ್ತೋ ಹನ್ನೆರಡೋ. ಬಣ್ಣ ಬೇಡ, ಮೆನು ಬೇಡ. ಬ್ರೌಸರ್‌ನಲ್ಲಿ ತೆರೆದಾಗ ಅದು ಖಂಡಿತ ಚೆಂದ ಕಾಣುವುದಿಲ್ಲ. ಫೋಟೋ ಪರದೆಯಿಂದ ಹೊರಗೆ ಹೋಗಿರುತ್ತದೆ. ಫೋನಿಗೆ ಹಾಕಿ ನೋಡಿದರೆ ಅಕ್ಷರ ಓದಲು ಆಗದಷ್ಟು ಚಿಕ್ಕದಾಗಿರುತ್ತದೆ. ದರದ ಪಟ್ಟಿ ಎಡಕ್ಕೆ ಅಂಟಿಕೊಂಡಿರುತ್ತದೆ. ಈಗ ನಿಮ್ಮ ಕೈಯಲ್ಲಿ ಮೂರು ಪ್ರಶ್ನೆ ಇದೆ ಅಲ್ವಾ? ವಿಡಿಯೋ ಹುಡುಕುವ ಸಮಯ ಇದು.

ಫೋನಿನ ಚಿಕ್ಕ ಅಕ್ಷರದ ಉತ್ತರ ನಾನೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡುತ್ತಾ ಕೂರುತ್ತಾರೆ. ನೀವು ಬೇರೆ ಏನೂ ಹೇಳದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲದ್ದು ಅಂದುಕೊಳ್ಳುತ್ತದೆ. ಆಮೇಲೆ ಅದನ್ನು ಕುಗ್ಗಿಸಿ ಪರದೆಗೆ ತುಂಬಿಸುತ್ತದೆ. ‘ಅಗಲ ಫೋನಿನಷ್ಟೇ’ ಅಂತ ಹೇಳುವ ವ್ಯೂಪೋರ್ಟ್ ಎಂಬ ಒಂದು ಸಾಲನ್ನು ಪುಟದ ತಲೆಯಲ್ಲಿ (ಕೋಡ್‌ನ ‘ಹೆಡ್’ ಭಾಗದಲ್ಲಿ) ಹಾಕಿದರೆ ಸರಿಯಾಗುತ್ತದೆ. ಸಣ್ಣ ವಿಡಿಯೋಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅವರು ಕೋಡ್ ಬರೆಯುವ ಎಡಿಟರ್‌ನಲ್ಲಿ ಅದು ತಾನಾಗಿ ಬಂದಿರುತ್ತದೆ, ಕ್ಯಾಮೆರಾ ಅದರ ಕೆಳಗಿನಿಂದ ಶುರುವಾಗುತ್ತದೆ.

ವಿಡಿಯೋ ನೋಡುವುದಕ್ಕೂ ಒಂದು ಕ್ರಮ ಇದೆ. ಫೋನಿನಲ್ಲಿ ನೋಡಿ ಲ್ಯಾಪ್‌ಟಾಪಿನಲ್ಲಿ ಮಾಡುವುದು ಬೇಡ. ವಿಂಡೋಸ್ ಕೀ ಒತ್ತಿಕೊಂಡು ಎಡ ಬಾಣ ಒತ್ತಿದರೆ ಕಿಟಕಿ ಅರ್ಧ ಪರದೆಗೆ ಹೋಗುತ್ತದೆ. ಒಂದು ಅರ್ಧದಲ್ಲಿ ವಿಡಿಯೋ, ಇನ್ನೊಂದರಲ್ಲಿ ನಿಮ್ಮ ಪುಟ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ತಮ್ಮ ಪಾಠಗಳನ್ನು ಇದೇ ರೀತಿ ಕಲಿಯಲಿ ಅಂತಲೇ ಮಾಡಿದ್ದಾರೆ. ಸುಮಾರು ಹತ್ತು ನಿಮಿಷದ ಪಾಠ, ಪಕ್ಕದಲ್ಲೇ ನೀವೂ ಮಾಡುತ್ತಾ ಹೋಗಬೇಕು. ಕನ್ನಡ ಧ್ವನಿ ಕೊಟ್ಟ ಪಾಠಗಳೂ ಅವರಲ್ಲಿ ಇವೆ, ದುಡ್ಡು ಕೊಡಬೇಕಾಗಿಲ್ಲ. ಸ್ವಲ್ಪ ಸಪ್ಪೆ ಅನ್ನಿಸಬಹುದು, ಹಿನ್ನೆಲೆ ಸಂಗೀತ ಇಲ್ಲ, ಕುಣಿತ ಇಲ್ಲ. ಆದರೆ ಪಾಠ ಮಾಡುವವರು ಯಾವ ಹೆಜ್ಜೆಯನ್ನೂ ಬಿಡುವುದಿಲ್ಲ.

ಯೂಟ್ಯೂಬ್ ಶಾರ್ಟ್ಸ್ ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಟಿಕ್‌ಟಾಕ್ ನಿಷೇಧ ಆದ ಕೆಲವು ತಿಂಗಳಿಗೆ. ಮೊದಲು 60 ಸೆಕೆಂಡಿನ ಮಿತಿ ಇತ್ತು, 2024ರ ಅಕ್ಟೋಬರ್‌ನಿಂದ ಮೂರು ನಿಮಿಷ ಆಯಿತು. ಒಂದು ನಿಮಿಷದೊಳಗೆ ತುಂಬಿಸಬೇಕು ಅಂದಾಗ ಮೊದಲು ಕತ್ತರಿ ಬೀಳುವುದು ಪೂರ್ವತಯಾರಿಗೆ, ಆಮೇಲೆ ತಪ್ಪಾದರೆ ಏನು ಮಾಡಬೇಕು ಅನ್ನುವುದಕ್ಕೆ. ನಿಮಗೆ ಬೇಕಾದದ್ದು ಈ ಎರಡೇ! ವಿಡಿಯೋದಲ್ಲಿ ಕೋಡ್ ಓದುವ ಮೊದಲೇ ಸರಿದುಹೋಗುತ್ತದೆ ಅಂತಾದರೆ ಲ್ಯಾಪ್‌ಟಾಪಿನಲ್ಲಿ ವಿಡಿಯೋದ ವಿಳಾಸ ನೋಡಿ. ಅಲ್ಲಿ ‘ಶಾರ್ಟ್ಸ್’ ಪದ ಮತ್ತು ಅದರ ಮುಂದಿನ ಓರೆಗೆರೆ ತೆಗೆದು ‘ವಾಚ್’, ಪ್ರಶ್ನಾರ್ಥಕ ಚಿಹ್ನೆ, ‘ವಿ’, ಸಮ ಚಿಹ್ನೆ, ಇಷ್ಟನ್ನು ಇಂಗ್ಲಿಷಿನಲ್ಲಿ ಹಾಕಿದರೆ ಅದೇ ವಿಡಿಯೋ ಮಾಮೂಲಿ ಪರದೆಯಲ್ಲಿ ತೆರೆಯುತ್ತದೆ. ಅಲ್ಲಿ ವೇಗ ಕಡಿಮೆ ಮಾಡಬಹುದು. ನಿಲ್ಲಿಸಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಗಳನ್ನು ಒತ್ತಿದರೆ ಒಂದೊಂದೇ ಚಿತ್ರ ಹಿಂದೆ ಮುಂದೆ ಹೋಗುತ್ತದೆ. ಕಣ್ಣಿಗೆ ಸಿಗದೆ ಹಾರಿಹೋದ ಸಾಲು ಸಿಗುವುದು ಹೀಗೆ.

ಈಗ ಆ ಎಡಕ್ಕೆ ಅಂಟಿದ ದರದ ಪಟ್ಟಿ. ಮಧ್ಯಕ್ಕೆ ತರುವುದು ಹೇಗೆ ಅಂತ ಹುಡುಕಿದರೆ ನೂರಾರು ವಿಡಿಯೋ ಬರುತ್ತವೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಮೂರು ಸಿಎಸ್‌ಎಸ್ ಸಾಲು (ಸಿಎಸ್‌ಎಸ್ ಅಂದರೆ ಪುಟದ ಅಂದ, ಜೋಡಣೆ ಹೇಳುವ ಭಾಷೆ): ಡಿಸ್‌ಪ್ಲೇ ಫ್ಲೆಕ್ಸ್, ಜಸ್ಟಿಫೈ ಕಂಟೆಂಟ್ ಸೆಂಟರ್, ಅಲೈನ್ ಐಟಮ್ಸ್ ಸೆಂಟರ್. ನೀವು ಅದನ್ನು ಪಟ್ಟಿಗೇ ಹಾಕುತ್ತೀರಿ. ಪಟ್ಟಿ ಅಲುಗಾಡುವುದಿಲ್ಲ, ಅದರ ಒಳಗಿನ ಸಾಲುಗಳು ಮಾತ್ರ ವಿಚಿತ್ರವಾಗಿ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಯಾಕೆಂದರೆ ಆ ಮೂರು ಸಾಲನ್ನು ಪಟ್ಟಿಗಲ್ಲ, ಪಟ್ಟಿಯನ್ನು ಸುತ್ತುವರಿದ ಹೊರಗಿನ ಡಬ್ಬಿಗೆ ಹಾಕಬೇಕು. ಫ್ಲೆಕ್ಸ್ ಅನ್ನುವುದು ತನ್ನ ಮಕ್ಕಳನ್ನು, ಅಂದರೆ ಒಳಗಿರುವುದನ್ನು, ಜೋಡಿಸುತ್ತದೆ, ತನ್ನನ್ನಲ್ಲ. ಸರಿ, ಹೊರಗೆ ಹಾಕಿದಿರಿ. ಅಡ್ಡಕ್ಕೆ ಮಧ್ಯ ಬಂತು, ಮೇಲಿಂದ ಕೆಳಕ್ಕೆ ಬರಲಿಲ್ಲ. ಹೊರಗಿನ ಡಬ್ಬಿಗೆ ಎತ್ತರವೇ ಇಲ್ಲದಿದ್ದರೆ ಯಾವುದರ ಮಧ್ಯ? ವಿಡಿಯೋದವರು ಎತ್ತರವನ್ನು ಮೊದಲೇ ಕೊಟ್ಟಿರುತ್ತಾರೆ, ಅದು ಪರದೆಯ ಮೇಲ್ತುದಿಯಲ್ಲಿ ಅರ್ಧ ಮುಚ್ಚಿಹೋಗಿರುತ್ತದೆ.

ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಸರಿಯಾದ ಮೇಲೆ ಬೇಕಂತಲೇ ಹಾಳು ಮಾಡಿ. ಒಂದು ಸಾಲು ಅಳಿಸಿ, ಏನಾಯಿತು ನೋಡಿ, ವಾಪಸ್ ಹಾಕಿ. ಇನ್ನೊಂದು ಅಳಿಸಿ. ಆಮೇಲೆ ವಿಡಿಯೋ ಮುಚ್ಚಿ, ಹೊಸ ಫೈಲಿನಲ್ಲಿ ನೆನಪಿನಿಂದ ಬರೆಯಿರಿ. ಬರಲಿಲ್ಲ ಅಂದರೆ ಇನ್ನೊಂದು ಸಲ ನೋಡಿ, ಪರವಾಗಿಲ್ಲ. ದಿನಕ್ಕೆ ಒಂದೇ ಟಿಪ್ ಹೀಗೆ ಮಾಡಿದರೆ ಸಾಕು.

ಇನ್ನೊಂದು ದೊಡ್ಡ ಕಿರಿಕಿರಿ ಏನೆಂದರೆ, ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಬೈಯುವುದಿಲ್ಲ. ತಪ್ಪಿದ್ದರೆ ಬ್ರೌಸರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಅಷ್ಟೇ. ಪುಟ ತೆರೆಯುತ್ತದೆ, ಆದರೆ ಏನೂ ಬದಲಾಗಿರುವುದಿಲ್ಲ. ಆಗ ‘ನನಗೆ ಬರುವುದಿಲ್ಲ’ ಅಂತ ಮುಚ್ಚಿಡುವವರೇ ಜಾಸ್ತಿ. ಕ್ರೋಮ್‌ನಲ್ಲಿ ಆ ಜಾಗದ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ನೀವು ಬರೆದ ಸಾಲು ಅಲ್ಲಿ ಕಾಣುತ್ತದೆ. ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ ಅಕ್ಷರ ತಪ್ಪಾಗಿದೆ. ಬರೀ ಗೆರೆ ಎಳೆದಿದ್ದರೆ ಇನ್ನೊಂದು ಸಾಲು ಅದನ್ನು ಮೀರಿಸಿದೆ. ಸಾಲು ಕಾಣುವುದೇ ಇಲ್ಲ ಅಂದರೆ ನಿಮ್ಮ ಸಿಎಸ್‌ಎಸ್ ಫೈಲ್ ಪುಟಕ್ಕೆ ಸೇರಿಯೇ ಇಲ್ಲ, ಅಥವಾ ಹೆಸರು ತಪ್ಪಿದೆ. ಮೊದಲ ವಾರ ಕಲಿಯಲೇಬೇಕಾದ ಒಂದೇ ವಿಷಯ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದು ಗೊತ್ತಿದ್ದರೆ ಅರ್ಧಂಬರ್ಧ ವಿಡಿಯೋ ಕೂಡ ಉಪಯೋಗಕ್ಕೆ ಬರುತ್ತದೆ.

ತಪ್ಪು ನಿಮ್ಮದಲ್ಲದೆಯೂ ಇರಬಹುದು. ವಿಡಿಯೋದ ತಾರೀಕು ನೋಡುವ ಅಭ್ಯಾಸ ಮಾಡಿಕೊಳ್ಳಿ. ರೀಲ್ಸ್‌ನಲ್ಲಿ ತಾರೀಕನ್ನು ಯಾರೂ ಗಮನಿಸುವುದಿಲ್ಲ, ನಾಲ್ಕು ವರ್ಷ ಹಿಂದಿನದ್ದು ಇವತ್ತಿನದ್ದರ ಹಾಗೆ ಬಂದು ಎದುರಿಗೆ ನಿಲ್ಲುತ್ತದೆ. ಕೋಡ್ ಬರೆಯದೆ ಸೈಟ್ ಕಟ್ಟುವ ವರ್ಡ್‌ಪ್ರೆಸ್ 2018ರ ಡಿಸೆಂಬರ್‌ನಲ್ಲಿ ಪುಟವನ್ನು ತುಂಡು ತುಂಡಾಗಿ ಜೋಡಿಸುವ ಬ್ಲಾಕ್ ಎಡಿಟರ್ ತಂದಿತು. ಅದಕ್ಕಿಂತ ಹಳೆಯ ವಿಡಿಯೋದ ಪರದೆಗೂ ನಿಮ್ಮ ಪರದೆಗೂ ಸಂಬಂಧವೇ ಇಲ್ಲ. 2022ರಲ್ಲಿ ಇಡೀ ಸೈಟಿನ ರೂಪವನ್ನೂ ಅದೇ ರೀತಿ ಜೋಡಿಸುವ ಬ್ಲಾಕ್ ಥೀಮ್‌ಗಳು ಬಂದವು. ‘ಅಪಿಯರೆನ್ಸ್‌ಗೆ ಹೋಗಿ ಕಸ್ಟಮೈಸ್ ಒತ್ತಿ’ ಅಂತ ವಿಡಿಯೋದವರು ಹೇಳುತ್ತಾರೆ, ಅಂಥ ಥೀಮ್‌ನಲ್ಲಿ ಆ ಹೆಸರೇ ಇರುವುದಿಲ್ಲ, ಬದಲಿಗೆ ‘ಎಡಿಟರ್’ ಅಂತ ಇರುತ್ತದೆ. ಬೂಟ್‌ಸ್ಟ್ರ್ಯಾಪ್ ಎಂಬ ಜನಪ್ರಿಯ ಸಿಎಸ್‌ಎಸ್ ಕಟ್ಟು ಕೂಡ 2021ರ ಐದನೇ ಆವೃತ್ತಿಯಲ್ಲಿ ಎಡ-ಬಲದ ಜಾಗ ಬಿಡುವ ಹೆಸರುಗಳನ್ನೇ ಬದಲಾಯಿಸಿತು. ಹಳೆಯ ಹೆಸರು ಹಾಕಿದರೆ ಸದ್ದಿಲ್ಲದೆ ಏನೂ ಆಗುವುದಿಲ್ಲ. ‘ಗೂಗಲ್ ಬಿಸಿನೆಸ್‌ನಲ್ಲಿ ಎರಡೇ ನಿಮಿಷದಲ್ಲಿ ಫ್ರೀ ವೆಬ್‌ಸೈಟ್’ ಎಂಬ ವಿಡಿಯೋಗಳಂತೂ ನಿಮ್ಮ ಇನ್ನೂರರಲ್ಲೂ ಒಂದಾದರೂ ಇದ್ದೀತು. ಆ ಸೌಲಭ್ಯವನ್ನೇ ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿವರ ಹಾಕುವುದು ಈಗಲೂ ಇದೆ, ಅದನ್ನು ಮಾಡಿಕೊಳ್ಳಿ. ಕಟಪಾಡಿಯಲ್ಲಿ ಹೈವೇಯಿಂದ ಇಳಿದು ದಾರಿ ಕೇಳುವವರಿಗೆ ವೆಬ್‌ಸೈಟಿಗಿಂತ ಅದೇ ಉಪಕಾರ.

ಇನ್ನು ಕನ್ನಡ ಅಕ್ಷರ. ನೀವು ಯಾವ ರೀತಿ ಹಾಳಾಗುತ್ತದೆ ಅಂತ ಬರೆದಿಲ್ಲ, ಹಾಗಾಗಿ ಮೂರೂ ಹೇಳುತ್ತೇನೆ. ಇಂಗ್ಲಿಷ್ ವಿಡಿಯೋಗಳಲ್ಲಿ ಇದು ಸಿಗುವುದಿಲ್ಲ, ಕನ್ನಡದ ವಿಡಿಯೋಗಳಲ್ಲೂ ಕಡಿಮೆ.

ಮೊದಲನೆಯದು, ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಲೇಬಲ್ಲಿನ ಬರಹವನ್ನು ಕಾಪಿ ಮಾಡಿ ಹಾಕಿದ್ದೀರಿ, ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು ಕಲಸಿ ಚೆಲ್ಲಿದ ಹಾಗೆ ಕಾಣುತ್ತದೆ. ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದದ್ದು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಅದನ್ನು ಎಲ್ಲ ಫೋನು, ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪುಟವೇ ಆದರೆ ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡುವುದು ಬೇಗ ಮುಗಿಯುತ್ತದೆ.

ಎರಡನೆಯದು, ನೀವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೀರಿ, ಆದರೂ ಗೋಜಲು. ಹತ್ತಿರದಿಂದ ನೋಡಿ. ತಲೆ ಮೇಲೆ ಓರೆ ಗೀಟು ಇರುವ ಇಂಗ್ಲಿಷಿನ ಸಣ್ಣ ‘ಎ’, ಅದರ ಪಕ್ಕ ಮೇಲಕ್ಕೆ ಎತ್ತಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದೆಯಾ? ಹಾಗಾದರೆ ಅಕ್ಷರ ಸರಿಯಾಗಿಯೇ ಇದೆ, ಬ್ರೌಸರ್ ಅದನ್ನು ತಪ್ಪಾಗಿ ಓದುತ್ತಿದೆ. ಯೂನಿಕೋಡ್ ಬರಹವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಮೂಲಾಕ್ಷರಕ್ಕೂ, ಗುಣಿತದ ಪ್ರತಿ ಚಿಹ್ನೆಗೂ ಮೂರು ಬೈಟ್. ಅದರಲ್ಲಿ ಮೊದಲನೆಯದು ಎಲ್ಲದಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಮೂರನ್ನೂ ಒಟ್ಟಿಗೆ ಓದದೆ ಬಿಡಿಬಿಡಿಯಾಗಿ ಓದಿದಾಗ ಆ ಜೋಡಿ ಕಾಣಿಸಿಕೊಳ್ಳುತ್ತದೆ. ಪುಟದ ತಲೆಯಲ್ಲಿ ‘ಮೆಟಾ ಚಾರ್‌ಸೆಟ್ ಯುಟಿಎಫ್-8’ ಸಾಲು ಹಾಕಿ, ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಕೂಡ ಅದೇ ಇದೆಯಾ ನೋಡಿ.

ಮೂರನೆಯದು ಟಿಪ್ಸ್ ನೋಡಿಯೇ ಬರುವ ತೊಂದರೆ. ‘ತಲೆಬರಹ ಮಾಡರ್ನ್ ಕಾಣಬೇಕಾದರೆ ಲೈನ್ ಹೈಟ್ 1 ಮಾಡಿ’ ಅಂತ ಒಂದು ಟಿಪ್ ಎಲ್ಲರೂ ಹೇಳುತ್ತಾರೆ. ಲೈನ್ ಹೈಟ್ ಅಂದರೆ ಒಂದು ಸಾಲಿಗೆ ಅಕ್ಷರದ ಗಾತ್ರದ ಎಷ್ಟು ಪಟ್ಟು ಎತ್ತರ ಅನ್ನುವುದು. ಇಂಗ್ಲಿಷಿಗೆ ಸರಿ. ‘ಹಪ್ಪಳ, ಉಪ್ಪಿನಕಾಯಿ’ ಅಂತ ಎರಡು ಸಾಲಿನಲ್ಲಿ ಬರೆದು ಹಾಗೆ ಮಾಡಿ ನೋಡಿ. ಮೇಲಿನ ಸಾಲಿನ ಪ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತದೆ. ಡಬ್ಬಿಯ ಎತ್ತರ ಬಿಗಿ ಇದ್ದು ಹೊರಗೆ ಬಂದದ್ದನ್ನು ಮುಚ್ಚುವಂತೆ ಬರೆದಿದ್ದರೆ ಒತ್ತಕ್ಷರದ ಬುಡವೇ ಕತ್ತರಿಸಿಹೋಗುತ್ತದೆ. ಕನ್ನಡದ ತಲೆಬರಹಕ್ಕೆ 1.4, ಪ್ಯಾರಾಗೆ 1.6 ಅಥವಾ 1.7 ಇಡಿ. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್ ಸ್ಪೇಸಿಂಗ್ ಟಿಪ್ ಕನ್ನಡಕ್ಕೆ ಬೇಡವೇ ಬೇಡ, ಪದ ಬಿಟ್ಟುಬಿಟ್ಟು ಕಾಣುತ್ತದೆ. ಫಾಂಟ್ ವಿಷಯದಲ್ಲಿ, ವಿಡಿಯೋದವರು ಪ್ರೀತಿಯಿಂದ ಹಾಕುವ ಪಾಪಿನ್ಸ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ಆಗ ವಿಂಡೋಸ್ ತನ್ನ ನಿರ್ಮಲಾ ಫಾಂಟ್ ತೋರಿಸುತ್ತದೆ, ಆಂಡ್ರಾಯ್ಡ್ ತನ್ನಲ್ಲಿರುವುದನ್ನು ತೋರಿಸುತ್ತದೆ. ನಿಮಗೆ ಒಂದು ರೂಪ, ಗಿರಾಕಿಗೆ ಇನ್ನೊಂದು. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಇವೆ. ದರಪಟ್ಟಿಗೆ ನೋಟೋ, ಅಂಗಡಿಯ ಹೆಸರಿಗೆ ಬಲೂ ತಮ್ಮ ಒಪ್ಪುತ್ತದೆ ಅನ್ನುವುದು ನನ್ನ ರುಚಿ.

ಫೋಟೋ ಬಗ್ಗೆ ಎರಡೇ ಮಾತು. ಫೋನಿನಲ್ಲಿ ತೆಗೆದ ಫೋಟೋ ಸುಮಾರು ನಾಲ್ಕು ಸಾವಿರ ಪಿಕ್ಸೆಲ್ ಅಗಲ, ಮೂರು-ನಾಲ್ಕು ಎಂಬಿ ಇರುತ್ತದೆ. ಅದನ್ನು ಹಾಗೆಯೇ ಹಾಕಿದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗ ಪುಟ ತೆರೆಯುವುದೇ ಇಲ್ಲ. ನಿಮ್ಮ ಹಪ್ಪಳಕ್ಕೆ ಗಿರಾಕಿ ಜಾಸ್ತಿ ಇರುವುದೂ ಆಗಲೇ. ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿ. ಇನ್ನೊಂದು, ಫೈಲಿನ ಹೆಸರು ಪೂರ್ತಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕ್ಯಾಮೆರಾ ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತದೆ, ನೀವು ಕೋಡ್‌ನಲ್ಲಿ ಸಣ್ಣಕ್ಷರ ಬರೆದಿರುತ್ತೀರಿ. ವಿಂಡೋಸ್‌ಗೆ ಎರಡೂ ಒಂದೇ. ಸರ್ವರ್ ಸಾಮಾನ್ಯವಾಗಿ ಲಿನಕ್ಸ್, ಅದಕ್ಕೆ ಬೇರೆ ಬೇರೆ. ಮನೆಯಲ್ಲಿ ಕಂಡ ಫೋಟೋ ಇಂಟರ್‌ನೆಟ್‌ಗೆ ಹಾಕಿದ ಮೇಲೆ ಮಾಯ ಆಗುವುದು ಹೀಗೆ.

ಪುಟವನ್ನು ಎಲ್ಲಿ ಇಡುವುದು? ಕ್ಲೌಡ್‌ಫ್ಲೇರ್ ಪೇಜಸ್‌ನಂಥ ತಾಣದಲ್ಲಿ ಉಚಿತವಾಗಿ ಇಡಬಹುದು, ಒಂದೆರಡು ಪುಟದ ಸೈಟಿಗೆ ಧಾರಾಳ ಸಾಕು. ಹೋಸ್ಟಿಂಗ್, ಅಂದರೆ ಪುಟ ಇಡಲು ಬಾಡಿಗೆಯ ಜಾಗ, ಕೊಳ್ಳಿ ಅಂತ ಹೇಳುವ ವಿಡಿಯೋದ ಕೆಳಗೆ ಲಿಂಕ್ ಇದ್ದರೆ, ನೀವು ಅದರ ಮೂಲಕ ಕೊಂಡಾಗ ಅವರಿಗೆ ಕಮಿಷನ್ ಹೋಗುವುದು ಮಾಮೂಲು. ಅದರಲ್ಲಿ ತಪ್ಪೇನಿಲ್ಲ, ಆದರೆ ಅವರು ಹೇಳುವುದು ಮೊದಲ ವರ್ಷದ ದರ. ನವೀಕರಣದ ದರ ಎಷ್ಟು ಅಂತ ಪುಟದ ಕೆಳಗಿನ ಸಣ್ಣ ಅಕ್ಷರದಲ್ಲಿ ನೋಡಿ, ಆಮೇಲೆ ಕಾರ್ಡ್ ತೆಗೆಯಿರಿ. ಸೈಟಿಗೂ ಗಿರಾಕಿಗೂ ನಡುವಿನ ಮಾಹಿತಿಯನ್ನು ಬೇರೆಯವರು ಓದದಂತೆ ಕಾಯುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಬೇಡ ಅನ್ನಿ. ಅದನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಬಂದ ಮೇಲೆ ಅದು ಉಚಿತ.

ಕೋರ್ಸ್‌ಗೆ ಈಗಲೇ ಸೇರಬೇಡಿ ಮಾರಾಯ್ರೆ. ಮೊದಲು ಆ ಒಂದು ಪುಟ ಇಂಟರ್‌ನೆಟ್‌ನಲ್ಲಿ ನಿಲ್ಲಲಿ. ಅದಾದ ಮೇಲೆ ಎರಡು ಸಂದರ್ಭದಲ್ಲಿ ಕೋರ್ಸ್ ಯೋಚಿಸಬಹುದು. ಬೇರೆಯವರಿಗೂ ಸೈಟ್ ಮಾಡಿಕೊಟ್ಟು ಸಂಪಾದಿಸುವ ಮನಸ್ಸಿದ್ದರೆ, ಅಥವಾ ಆರ್ಡರ್, ಪಾವತಿ, ಸ್ಟಾಕ್ ಎಲ್ಲ ಸೈಟಿನಲ್ಲೇ ಆಗಬೇಕಾದರೆ. ಆಗ ಜಾವಾಸ್ಕ್ರಿಪ್ಟ್, ಡೇಟಾಬೇಸ್ ಬೇಕಾಗುತ್ತದೆ, ಅದನ್ನು ತುಣುಕು ವಿಡಿಯೋಗಳಲ್ಲಿ ಕಲಿಯುವುದು ಕಷ್ಟ. ಕಟಪಾಡಿಯಿಂದ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುವ ಹೊತ್ತನ್ನೂ ಖರ್ಚಿಗೆ ಸೇರಿಸಿ, ಮಣಿಪಾಲ ನಿಮಗೆ ಹತ್ತಿರ. ಫೀಸ್ ಕಟ್ಟುವ ಮೊದಲು ಅಲ್ಲಿನ ವಿದ್ಯಾರ್ಥಿಗಳು ಮಾಡಿದ ಸೈಟುಗಳ ವಿಳಾಸ ಕೇಳಿ. ಸ್ಕ್ರೀನ್‌ಶಾಟ್ ತೋರಿಸಿದರೆ ಒಪ್ಪಬೇಡಿ, ವಿಳಾಸ ಕೊಟ್ಟರೆ ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಕ್ಲಾಸಿನಲ್ಲಿ ನಿಮ್ಮ ಹಪ್ಪಳದ ಸೈಟನ್ನೇ ಇಟ್ಟುಕೊಂಡು ಕೆಲಸ ಮಾಡಬಹುದಾ ಅಂತಲೂ ಕೇಳಿ. ‘ಇಲ್ಲ, ಎಲ್ಲರೂ ನಾವು ಕೊಟ್ಟದ್ದನ್ನೇ ಮಾಡಬೇಕು’ ಅಂದರೆ ಬೇರೆ ಕಡೆ ವಿಚಾರಿಸಿ.